ಉತ್ತರ ಯಾವ ಸಾಲಿನಲ್ಲಿದೆ? ಕ್ಲಾಟ್ ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜ್‌ಗಳಿಗೆ ತಯಾರಿ: ಸಮಗ್ರ ಮಾರ್ಗದರ್ಶಿ

ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯಬೇಕು ಅಂತ ಹೊರಟ ಪಿಯುಸಿ ಮಕ್ಕಳು ಮೊದಲು ಕೇಳುವುದು, ‘ಇಂಗ್ಲಿಷ್‌ಗೆ ಯಾವ ಪುಸ್ತಕ ತಗೊಳ್ಳಲಿ?’ ಅಂತ. ಅಷ್ಟರಲ್ಲಿ ಅವರ ಬ್ಯಾಗಿನಲ್ಲಿ ದಪ್ಪನೆಯ ಗ್ರಾಮರ್ ಪುಸ್ತಕ ಒಂದು, ಸಾವಿರಾರು ಪದಗಳ ಪಟ್ಟಿ ಒಂದು ಆಗಲೇ ಸೇರಿರುತ್ತದೆ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಈಗಿನ ಕ್ಲಾಟ್ ಪತ್ರಿಕೆಯಲ್ಲಿ ‘ಖಾಲಿ ಬಿಟ್ಟ ಸ್ಥಳ ತುಂಬಿ’ ಇಲ್ಲ, ‘ಈ ಪದದ ವಿರುದ್ಧ ಪದ ಯಾವುದು’ ಅಂತ ಬಿಡಿಬಿಡಿಯಾಗಿ ಕೇಳುವುದೂ ಇಲ್ಲ. ಪ್ಯಾಸೇಜ್ ಕೊಡುತ್ತಾರೆ, ಕೆಳಗೆ ಪ್ರಶ್ನೆ ಕೊಡುತ್ತಾರೆ. ಅಷ್ಟೇ.

ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿ, ದೇಶದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿಗೆ ಈ ಪರೀಕ್ಷೆಯೇ ಬಾಗಿಲು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಇಲ್ಲೇ ಅರ್ಧ ಧೈರ್ಯ ಹೋಗುತ್ತದೆ. ಹೋಗಬೇಕಾಗಿಲ್ಲ. ಇಲ್ಲಿ ಯಾರೂ ನಿಮ್ಮ ಉಚ್ಚಾರಣೆ ಕೇಳುವುದಿಲ್ಲ, ಒಂದು ವಾಕ್ಯ ಬರೆಯಿರಿ ಅನ್ನುವುದೂ ಇಲ್ಲ. ಮುಂದಿರುವ ಪುಟದಲ್ಲಿ ಏನು ಹೇಳಿದೆ, ಏನು ಹೇಳಿಲ್ಲ ಅನ್ನುವುದನ್ನು ಬೇರೆ ಮಾಡಿ ತೋರಿಸಿದರೆ ಸಾಕು.

ಆ ಕೆಲಸ ಕಲಿಯುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಪರೀಕ್ಷೆ ಏನು ಕೇಳುತ್ತದೆ ಅಂತ ಮೊದಲು ತಿಳಿಯಿರಿ

ಸದ್ಯದ ಮಾದರಿಯಲ್ಲಿ ಒಟ್ಟು 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಾದರೆ 0.25 ಕಡಿತ. ಇಂಗ್ಲಿಷ್ ವಿಭಾಗದಲ್ಲಿ 22ರಿಂದ 26 ಪ್ರಶ್ನೆ. ಪ್ರತಿ ಪ್ಯಾಸೇಜ್ ಸುಮಾರು 450 ಪದ. ಕಥೆ, ಕಾದಂಬರಿಯ ತುಣುಕೂ ಬರಬಹುದು, ಲೇಖನವೂ ಬರಬಹುದು. ಈ ಕಾಲದ್ದೂ ಬರಬಹುದು, ಹಳೆಯದೂ ಬರಬಹುದು.

ಪ್ರಶ್ನೆಗಳ ಬಗೆಯನ್ನು ಪರೀಕ್ಷೆ ನಡೆಸುವ ಕನ್ಸಾರ್ಷಿಯಂ (ಈ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ) ತಾನೇ ಹೇಳಿದೆ. ಪ್ಯಾಸೇಜಿನ ಮುಖ್ಯ ಮಾತು ಯಾವುದು, ಅದರಿಂದ ಏನು ತೀರ್ಮಾನಿಸಬಹುದು, ಸಾರಾಂಶ ಏನು, ಅದರಲ್ಲಿರುವ ಬೇರೆ ಬೇರೆ ವಾದಗಳ ನಡುವೆ ವ್ಯತ್ಯಾಸ ಏನು, ಅಲ್ಲಿ ಬಳಸಿದ ಪದದ ಅರ್ಥ ಏನು. ಈ ಐದರ ಹೊರಗೆ ಪ್ರಶ್ನೆ ಬರುವುದು ಕಡಿಮೆ.

ಇನ್ನೊಂದು ವಿಷಯ ಗಮನಿಸಿ. ಇದೇ ಪತ್ರಿಕೆಯ ಲೀಗಲ್ ರೀಸನಿಂಗ್ (ಕಾನೂನಿನ ತರ್ಕ) ವಿಭಾಗದಲ್ಲಿ 28ರಿಂದ 32 ಪ್ರಶ್ನೆ, ಲಾಜಿಕಲ್ ರೀಸನಿಂಗ್ (ಸಾಮಾನ್ಯ ತರ್ಕ) ವಿಭಾಗದಲ್ಲಿ 22ರಿಂದ 26. ಅವೂ ಪ್ಯಾಸೇಜ್‌ಗಳೇ, ಅವೂ ಇಂಗ್ಲಿಷೇ. ಹಾಗಾಗಿ ಇಂಗ್ಲಿಷ್ ವಿಭಾಗಕ್ಕೆ ಮಾಡಿದ ಅಭ್ಯಾಸ ಪತ್ರಿಕೆಯ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಉಪಯೋಗಕ್ಕೆ ಬರುತ್ತದೆ. ‘ಇಂಗ್ಲಿಷ್ ಆಮೇಲೆ ನೋಡಿಕೊಂಡರಾಯ್ತು, ಮೊದಲು ಲೀಗಲ್’ ಅನ್ನುವವರು ಇದನ್ನು ಯೋಚಿಸುವುದೇ ಇಲ್ಲ.

ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲೂ ಪ್ಯಾಸೇಜ್ ಇರುತ್ತದಲ್ವಾ, ಅದೇ ತಾನೇ ಇದು ಅಂತ ಕೆಲವರಿಗೆ ಅನ್ನಿಸುತ್ತದೆ. ಅಲ್ಲ. ಅಲ್ಲಿ ಒಂದು ಪದದಲ್ಲೋ ಒಂದು ವಾಕ್ಯದಲ್ಲೋ ಉತ್ತರ ಬರೆಯಬೇಕು. ಪ್ರಶ್ನೆಯಲ್ಲಿರುವ ಪದವನ್ನೇ ಪ್ಯಾಸೇಜಿನಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದರೆ ಅಂಕ ಬರುತ್ತದೆ. ಕ್ಲಾಟ್‌ನಲ್ಲಿ ಅದೇ ಅಭ್ಯಾಸ ನಿಮ್ಮನ್ನು ಹಳ್ಳಕ್ಕೆ ಬೀಳಿಸುತ್ತದೆ. ಇಲ್ಲಿ ಸರಿ ಉತ್ತರ ಸಾಮಾನ್ಯವಾಗಿ ಬೇರೆ ಪದಗಳಲ್ಲಿ ಇರುತ್ತದೆ. ಪ್ಯಾಸೇಜಿನ ಪದಗಳನ್ನೇ ಹೊತ್ತುಕೊಂಡು ಬಂದ ಆಯ್ಕೆ ಎಷ್ಟೋ ಸಲ ಬಲೆ. ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದವರೂ ಮೊದಲ ಮಾಕ್ ಟೆಸ್ಟ್‌ನಲ್ಲಿ ಮುಗ್ಗರಿಸಲು ಇದೇ ದೊಡ್ಡ ಕಾರಣ.

ಹಂತ 2: ಒಂದು ಹಳೆಯ ಪತ್ರಿಕೆ ಮಾಡಿ, ಎಲ್ಲಿದ್ದೀರಿ ನೋಡಿ

ಕನ್ಸಾರ್ಷಿಯಂ ಜಾಲತಾಣದಲ್ಲಿ ಹಿಂದಿನ ಪತ್ರಿಕೆಗಳೂ ಮಾದರಿ ಪತ್ರಿಕೆಗಳೂ ಪುಕ್ಕಟೆ ಸಿಗುತ್ತವೆ. 2020ರಿಂದ ಈಚಿನವನ್ನು ಮಾತ್ರ ತೆಗೆದುಕೊಳ್ಳಿ. ಅದಕ್ಕೆ ಮುಂಚಿನ ಪತ್ರಿಕೆಗಳ ಮಾದರಿಯೇ ಬೇರೆ ಇತ್ತು, ಅವನ್ನು ಬಿಡಿಸಿದರೆ ಸುಮ್ನೆ ಗೊಂದಲ. 2020ರಿಂದ ಕೆಲವು ಪತ್ರಿಕೆಗಳಲ್ಲಿ 150 ಪ್ರಶ್ನೆ ಇರುತ್ತವೆ. 2023ರ ಡಿಸೆಂಬರ್ ಪರೀಕ್ಷೆಯಿಂದ 120 ಆಯಿತು. ಪ್ಯಾಸೇಜ್ ಅಭ್ಯಾಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ.

ಸಾಧ್ಯವಾದರೆ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ. ಪರೀಕ್ಷೆ ಇರುವುದು ಪೇಪರಿನಲ್ಲಿ. ಮೊಬೈಲಿನಲ್ಲಿ ಓದಿ ಅಭ್ಯಾಸ ಮಾಡಿದವರಿಗೆ ಪೇಪರಿನ ಮೇಲೆ ಕಣ್ಣು ಹಿಂದೆ ಮುಂದೆ ಓಡಿಸುವುದು ರೂಢಿಯಾಗಿರುವುದಿಲ್ಲ.

ಒಂದು ಪ್ಯಾಸೇಜ್ ತೆಗೆದುಕೊಂಡು ಗಡಿಯಾರ ನೋಡಿ ಓದಿ. ಓದುವುದಕ್ಕೆ ಎಷ್ಟು ಹೊತ್ತು, ಉತ್ತರಕ್ಕೆ ಎಷ್ಟು ಹೊತ್ತು, ಬೇರೆ ಬೇರೆ ಬರೆದಿಡಿ. ಇಂಥ ಪ್ಯಾಸೇಜನ್ನು ಹನ್ನೆರಡನೇ ತರಗತಿ ವಿದ್ಯಾರ್ಥಿ 5ರಿಂದ 7 ನಿಮಿಷದಲ್ಲಿ ಓದಬಹುದು ಅಂತ ಕನ್ಸಾರ್ಷಿಯಂ ಹೇಳುತ್ತದೆ. ಈಗ ಲೆಕ್ಕ ಹಾಕಿ. ಇಂಗ್ಲಿಷಿಗೆ ಸುಮಾರು 25 ನಿಮಿಷ, ಪ್ಯಾಸೇಜ್ ನಾಲ್ಕು ಅಂದುಕೊಂಡರೆ ಒಂದಕ್ಕೆ ಆರು ನಿಮಿಷ ಸಿಗುತ್ತದೆ. ಓದುವುದಕ್ಕೇ ಆರು ನಿಮಿಷ ಹೋದರೆ ಉತ್ತರ ಬರೆಯುವುದು ಯಾವಾಗ? ಅಂದರೆ ನಿಮ್ಮ ಗುರಿ ಮೂರು ನಿಮಿಷದಲ್ಲಿ ಓದುವುದು, ಮೂರು ನಿಮಿಷದಲ್ಲಿ ಉತ್ತರಿಸುವುದು. ನಿಮಿಷಕ್ಕೆ 150 ಪದ. ಇದು ಆಗದ ಮಾತೇನಲ್ಲ. ಆದರೆ ಮೊದಲ ತಿಂಗಳೇ ಆಗಬೇಕಿಲ್ಲ, ಅದಕ್ಕೆ ಹಟ ಹಿಡಿಯಲೂ ಬೇಡಿ. ಈಗ ಅಳತೆ ಬರೆದಿಟ್ಟು ಗಡಿಯಾರ ಒಳಗಿಡಿ.

ಹಂತ 3: ಪ್ಯಾಸೇಜ್ ಓದುವ ಕ್ರಮ

ಪ್ರಶ್ನೆ ಮೊದಲು ಓದಬೇಕಾ, ಪ್ಯಾಸೇಜ್ ಮೊದಲಾ? ಈ ಜಗಳ ಮುಗಿಯುವುದೇ ಇಲ್ಲ. ನನ್ನ ಮಾತು ಕೇಳುವುದಾದರೆ ಪ್ಯಾಸೇಜೇ ಮೊದಲು. ಪ್ರಶ್ನೆಗಳ ಮೇಲೆ ಬೇಕಾದರೆ ಒಂದು ಸಲ ಕಣ್ಣಾಡಿಸಿ, ಆಯ್ಕೆಗಳನ್ನಂತೂ ಓದಲೇಬೇಡಿ. ನಾಲ್ಕರಲ್ಲಿ ಮೂರು ಸುಳ್ಳು ಇರುತ್ತವೆ. ಆ ಸುಳ್ಳುಗಳನ್ನು ತಲೆಯಲ್ಲಿಟ್ಟುಕೊಂಡು ಪ್ಯಾಸೇಜ್ ಓದಿದರೆ ಅವೇ ಕಾಣಿಸತೊಡಗುತ್ತವೆ.

ಪೆನ್ನು ಹಿಡಿದು ಓದಿ. ಗೆರೆ ಎಳೆಯಬೇಕಾದದ್ದು ಎಲ್ಲ ಸಾಲಿಗಲ್ಲ, ತಿರುವುಗಳಿಗೆ. ಹೌಎವರ್, ಯೆಟ್, ಬಟ್, ಆಲ್‌ದೋ, ನೆವರ್‌ದಿಲೆಸ್ ಇಂಥ ಪದ ಬಂದಲ್ಲಿ ಸುತ್ತು ಹಾಕಿ. ಲೇಖಕ ಅಲ್ಲಿಯವರೆಗೆ ಬೇರೆಯವರ ಮಾತು ಹೇಳುತ್ತಿದ್ದು, ಅಲ್ಲಿಂದ ತನ್ನ ಮಾತಿಗೆ ಬರುತ್ತಿರಬಹುದು. ಮುಖ್ಯ ಮಾತಿನ ಪ್ರಶ್ನೆಗೆ ಉತ್ತರ ಬಹಳ ಸಲ ಇಂಥ ಸುತ್ತಿನ ಆಸುಪಾಸಿನಲ್ಲೇ ಇರುತ್ತದೆ.

ಒಂದೊಂದು ಪ್ಯಾರಾ ಮುಗಿದಾಗ ನಿಲ್ಲಿ. ಈ ಪ್ಯಾರಾದಲ್ಲಿ ಏನಾಯಿತು ಅಂತ ನಾಲ್ಕೈದು ಪದದಲ್ಲಿ ಅಂಚಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ‘ಜನ ಹೀಗಂತಾರೆ’, ‘ಇವನು ಒಪ್ಪಲ್ಲ’, ‘ಕಾರಣ ಇದು’. ಇಷ್ಟು ಸಾಕು. ‘ಇಂಗ್ಲಿಷಿನಲ್ಲೇ ಯೋಚಿಸು’ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಅರ್ಥವಾದದ್ದನ್ನು ಯಾವ ಭಾಷೆಯಲ್ಲಿ ಗುರುತು ಹಾಕಿಕೊಂಡರೂ ಅದು ಅರ್ಥವೇ. ಬೇಡವಾದದ್ದು ಬೇರೆ: ಪ್ರತಿ ವಾಕ್ಯವನ್ನೂ ಪದಕ್ಕೆ ಪದ ಕನ್ನಡಕ್ಕೆ ತಿರುಗಿಸುತ್ತಾ ಓದುವುದು. ಅದು ಸಮಯ ತಿನ್ನುತ್ತದೆ, ಅರ್ಥವನ್ನೂ ಕೆಡಿಸುತ್ತದೆ.

ಯಾಕೆ ಕೆಡಿಸುತ್ತದೆ ಅಂದರೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು ಹೋಗಿರುತ್ತದೆ. ಇಲ್ಲವೇ ಕರ್ತೃವಿಗೂ ಕ್ರಿಯೆಗೂ ನಡುವೆ ಉದ್ದನೆಯ ತುಂಡೊಂದು ತೂರಿಕೊಂಡಿರುತ್ತದೆ. ‘ದಿ ಕೋರ್ಟ್, ವಿಚ್ ಹ್ಯಾಡ್ ಅರ್ಲಿಯರ್ ರೆಫ್ಯೂಸ್ಡ್ ಟು ಇಂಟರ್‌ವೀನ್, ನೌ ಆರ್ಡರ್ಡ್ ಆನ್ ಎನ್‌ಕ್ವೈರಿ’ ಅನ್ನುವ ವಾಕ್ಯ ನೋಡಿ. ಮೊದಲ ಕಾಮಾದಿಂದ ಎರಡನೇ ಕಾಮಾವರೆಗೆ ಇರುವುದನ್ನು ಬೆರಳಲ್ಲಿ ಮುಚ್ಚಿ. ‘ಕೋರ್ಟ್ ಈಗ ವಿಚಾರಣೆಗೆ ಆದೇಶಿಸಿತು’ ಅಷ್ಟೇ ಉಳಿಯುತ್ತದೆ. ಆಮೇಲೆ ಬೆರಳು ತೆಗೆದು ನಡುವಿನದನ್ನು ಸೇರಿಸಿ: ಮೊದಲು ಇದೇ ಕೋರ್ಟ್ ತಲೆ ಹಾಕಲ್ಲ ಅಂದಿತ್ತು. ಉದ್ದ ವಾಕ್ಯ ಬಂದಾಗಲೆಲ್ಲ ಹೀಗೆ ಮಾಡಿ: ಯಾರು, ಏನು ಮಾಡಿದರು, ಮೊದಲು ಅದು. ಉಳಿದದ್ದೆಲ್ಲ ಆಮೇಲೆ.

ಸಣ್ಣ ಪದಗಳ ಮೇಲೂ ಕಣ್ಣಿರಲಿ. ‘ಎ ಫ್ಯೂ’ ಅಂದರೆ ಕೆಲವರು ಇದ್ದಾರೆ, ಬರೀ ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಹಾರ್ಡ್ಲಿ’ಗೂ ‘ಹಾರ್ಡ್’ಗೂ ಅರ್ಥದಲ್ಲಿ ಸಂಬಂಧವಿಲ್ಲ, ‘ಹಾರ್ಡ್ಲಿ’ ಅಂದರೆ ಬಹುತೇಕ ಇಲ್ಲ ಅಂತ. ಇವನ್ನು ತಪ್ಪಾಗಿ ಓದಿದರೆ ಇಡೀ ಪ್ಯಾರಾ ಉಲ್ಟಾ ಆಗುತ್ತದೆ. ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡಿದವರೂ ಎಡವುವುದು ಇಂಥ ಕಡೆಯೇ.

ಹಂತ 4: ಉತ್ತರಕ್ಕೆ ಸಾಲು ತೋರಿಸಿ

ಇಡೀ ಅಭ್ಯಾಸದ ಜೀವ ಇದು. ನಿಯಮ ಒಂದೇ: ಯಾವ ಆಯ್ಕೆಗೆ ಟಿಕ್ ಹಾಕಿದರೂ, ಅದನ್ನು ಹೊರುವ ಸಾಲಿನ ಮೇಲೆ ಬೆರಳಿಡಲು ಬರಬೇಕು. ಬೆರಳಿಡಲು ಜಾಗ ಸಿಗಲಿಲ್ಲವೋ, ಆ ಉತ್ತರ ನಿಮ್ಮದು, ಪ್ಯಾಸೇಜಿನದಲ್ಲ.

ಒಂದು ಉದಾಹರಣೆ ಮಾಡಿಯೇ ನೋಡೋಣ. ಇದು ಅಭ್ಯಾಸಕ್ಕೆ ನಾನೇ ಬರೆದದ್ದು. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿರುತ್ತದೆ, ಇದಕ್ಕಿಂತ ಉದ್ದವೂ ಇರುತ್ತದೆ. ವಿಧಾನ ತೋರಿಸಲು ಕನ್ನಡ ಸಾಕು.

‘ಬೆಂಗಳೂರಿನ ಕೆರೆಗಳು ಹಾಳಾದದ್ದಕ್ಕೆ ನಾವು ಬಿಲ್ಡರುಗಳನ್ನು ಬೈಯುತ್ತೇವೆ. ಆ ಸಿಟ್ಟು ಪೂರ್ತಿ ತಪ್ಪಲ್ಲ. ಆದರೆ ಒತ್ತುವರಿ ಶುರುವಾಗುವ ಎಷ್ಟೋ ಮೊದಲೇ ಕೆರೆ ಅನಾಥವಾಗಿತ್ತು. ದೂರದ ನೀರು ಕೊಳಾಯಿಯಲ್ಲಿ ಮನೆಗೇ ಬರತೊಡಗಿದ ಮೇಲೆ, ಹೂಳೆತ್ತಿ ತೂಬು ನೋಡಿಕೊಳ್ಳುತ್ತಿದ್ದ ಜನರಿಗೆ ಕೆರೆಯ ಹಂಗು ಇಲ್ಲವಾಯಿತು. ಹಂಗು ಹೋದ ಮೇಲೆ ಕಾವಲೂ ಹೋಯಿತು. ಈಗ ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿ ಕೆರೆ ಉಳಿಸಿದೆವು ಎನ್ನುವವರು, ಆ ನೀರು ಇಂದು ಯಾರಿಗೆ ಬೇಕಾಗಿದೆ ಎಂದು ಕೇಳಿಕೊಳ್ಳುವುದಿಲ್ಲ.’

ಪ್ರಶ್ನೆ: ಲೇಖಕರ ಮುಖ್ಯ ಮಾತು ಯಾವುದು?

ಎ. ಕೆರೆಗಳು ಹಾಳಾಗಲು ಬಿಲ್ಡರುಗಳು ಕಾರಣರಲ್ಲ.
ಬಿ. ನಗರಕ್ಕೆ ಕೊಳಾಯಿ ನೀರು ತಂದದ್ದು ತಪ್ಪು ನಿರ್ಧಾರ.
ಸಿ. ಜನರಿಗೆ ಕೆರೆಯ ಅಗತ್ಯ ಇಲ್ಲವಾದಾಗಲೇ ಅದರ ರಕ್ಷಣೆಯೂ ನಿಂತುಹೋಯಿತು.
ಡಿ. ಬೇಲಿ ಹಾಕುವವರು ನೀರಿನ ಬಳಕೆಯ ಬಗ್ಗೆ ಯೋಚಿಸುವುದಿಲ್ಲ.

ಬಹಳ ಜನ ಎ ಹಾಕುತ್ತಾರೆ. ‘ಆದರೆ’ ಅನ್ನುವ ಪದ ಕಂಡ ಕೂಡಲೇ ಹಿಂದಿನದೆಲ್ಲ ಸುಳ್ಳು ಅಂದುಕೊಳ್ಳುತ್ತಾರೆ. ಎರಡನೇ ಸಾಲಿನ ಮೇಲೆ ಬೆರಳಿಡಿ: ‘ಪೂರ್ತಿ ತಪ್ಪಲ್ಲ’. ಅಂದರೆ ಬಿಲ್ಡರುಗಳ ಪಾಲೂ ಇದೆ ಅಂತ ಲೇಖಕರು ಒಪ್ಪುತ್ತಿದ್ದಾರೆ. ಎ ಅವರ ಮಾತನ್ನು ಎಳೆದು ಎಳೆದು ಕಿತ್ತುಹಾಕಿದೆ.

ಬಿ ಮೋಸದ ಆಯ್ಕೆ. ಕೊಳಾಯಿ ಬಂದ ಮೇಲೆ ಏನಾಯಿತು ಅಂತ ಪ್ಯಾಸೇಜ್ ಹೇಳುತ್ತದೆ ನಿಜ. ಬರಬಾರದಿತ್ತು ಅಂತ ಎಲ್ಲಿ ಹೇಳಿದೆ? ಎಲ್ಲೂ ಇಲ್ಲ. ಒಂದು ಘಟನೆಯ ಪರಿಣಾಮ ಹೇಳುವುದು ಬೇರೆ, ಆ ಘಟನೆ ತಪ್ಪು ಅನ್ನುವುದು ಬೇರೆ.

ಡಿಗೆ ಸಾಲು ಇದೆ. ಕೊನೆಯ ವಾಕ್ಯ ಅದನ್ನೇ ಹೇಳುತ್ತದೆ. ಆದರೂ ಡಿ ತಪ್ಪು. ಪ್ರಶ್ನೆ ಕೇಳಿದ್ದು ಮುಖ್ಯ ಮಾತು, ಇದು ಅದರ ಒಂದು ತುದಿ ಮಾತ್ರ. ಸತ್ಯವಾದ ಆಯ್ಕೆಯೆಲ್ಲ ಉತ್ತರವಲ್ಲ. ಚೆನ್ನಾಗಿ ಓದುವ ಮಕ್ಕಳು ಅಂಕ ಕಳೆದುಕೊಳ್ಳುವುದು ಎಗಿಂತ ಡಿಯಂಥ ಆಯ್ಕೆಗಳಲ್ಲಿ.

ಸಿ ಸರಿ. ‘ಹಂಗು’, ‘ಕಾವಲು’ ಅನ್ನುವ ಪದಗಳು ಅದರಲ್ಲಿಲ್ಲ. ‘ಅಗತ್ಯ’, ‘ರಕ್ಷಣೆ’ ಇವೆ. ಪದ ಬದಲಾಗಿದೆ, ಮಾತು ಅದೇ. ಇಂಗ್ಲಿಷ್ ಪತ್ರಿಕೆಯಲ್ಲೂ ಸರಿ ಉತ್ತರ ಹೀಗೆಯೇ ವೇಷ ಬದಲಿಸಿಕೊಂಡು ಕೂತಿರುತ್ತದೆ.

ಇದೇ ಪ್ಯಾಸೇಜಿಗೆ ಇನ್ನೊಂದು ಪ್ರಶ್ನೆ: ಲೇಖಕರು ಈ ಕೆಳಗಿನ ಯಾವುದನ್ನು ಒಪ್ಪುವ ಸಾಧ್ಯತೆ ಜಾಸ್ತಿ? ಒಂದು ಆಯ್ಕೆ, ‘ಎಲ್ಲ ಕೆರೆಗಳಿಗೂ ಸರ್ಕಾರ ಬೇಲಿ ಹಾಕಬೇಕು’. ಇನ್ನೊಂದು, ‘ಕೆಳಗಿನ ಗದ್ದೆಗಳಿಗೆ ಇನ್ನೂ ನೀರು ಕೊಡುತ್ತಿರುವ ಕೆರೆಯನ್ನು ಊರವರು ನೋಡಿಕೊಳ್ಳುವ ಸಾಧ್ಯತೆ ಹೆಚ್ಚು’. ಮತ್ತೊಂದು, ‘ಹಳ್ಳಿಯವರಿಗೆ ಪೇಟೆಯವರಿಗಿಂತ ಪರಿಸರದ ಕಾಳಜಿ ಜಾಸ್ತಿ’.

ಗದ್ದೆಯ ವಿಷಯ ಪ್ಯಾಸೇಜಿನಲ್ಲಿ ಇಲ್ಲವೇ ಇಲ್ಲ. ಆದರೂ ಎರಡನೆಯದೇ ಉತ್ತರ. ಹಂಗು ಹೋದರೆ ಕಾವಲು ಹೋಗುತ್ತದೆ ಅಂದಮೇಲೆ, ಹಂಗು ಇರುವ ಕಡೆ ಕಾವಲು ಉಳಿದೀತು ಅನ್ನುವುದು ಒಂದೇ ಹೆಜ್ಜೆ ದೂರ. ಮೂರನೆಯದು ಕೇಳಲು ಚಂದ, ಎಷ್ಟೋ ಜನ ತಲೆಯಾಡಿಸುತ್ತಾರೆ ಕೂಡ. ಆದರೆ ಅಲ್ಲಿಗೆ ಹೋಗಲು ಪ್ಯಾಸೇಜಿನಿಂದ ಮೂರ್ನಾಲ್ಕು ಹೆಜ್ಜೆ ಹಾರಬೇಕು: ಹಳ್ಳಿ ಎಲ್ಲಿಂದ ಬಂತು, ಕಾಳಜಿ ಎಲ್ಲಿಂದ ಬಂತು? ಇನ್ಫರೆನ್ಸ್ ಪ್ರಶ್ನೆಗೆ, ಅಂದರೆ ಪ್ಯಾಸೇಜಿನಿಂದ ಏನು ತೀರ್ಮಾನಿಸಬಹುದು ಅನ್ನುವುದಕ್ಕೆ, ಈ ಅಳತೆ ನೆನಪಿಡಿ. ಸಾಲಿನಿಂದ ಒಂದು ಹೆಜ್ಜೆ ಸರಿ, ಎರಡನೆಯದಕ್ಕೆ ಅನುಮಾನ ಪಡಿ.

ಲೇಖಕರ ಧಾಟಿಯ (ಟೋನ್) ಪ್ರಶ್ನೆ ಬಂದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಪ್ಯಾಸೇಜಿನ ಲೇಖಕರಿಗೆ ಸಿಟ್ಟಿದೆಯಾ? ಇಲ್ಲ. ಹೊಗಳಿಕೆಯಾ? ಅಲ್ಲ. ಟೀಕೆ ಇದೆ, ಆದರೆ ತೂಕ ತಪ್ಪಿಲ್ಲ. ಕ್ರಿಟಿಕಲ್, ಸ್ಕೆಪ್ಟಿಕಲ್, ಐರಾನಿಕ್, ನಾಸ್ಟಾಲ್ಜಿಕ್, ಇಂಡಿಫರೆಂಟ್, ಇಂಥ ಒಂದಿಪ್ಪತ್ತು ಪದಗಳ ಅರ್ಥ ಸರಿಯಾಗಿ ತಿಳಿದಿದ್ದರೆ ಈ ಬಗೆಯ ಪ್ರಶ್ನೆ ಸಲೀಸು.

ಹಂತ 5: ತಪ್ಪುಗಳ ನೋಟ್‌ಬುಕ್

ದಿನಕ್ಕೆ ಹತ್ತು ಪ್ಯಾಸೇಜ್ ಮಾಡಿ, ಕೀ ಉತ್ತರ ನೋಡಿ, ‘ಓ, ಹೌದಲ್ಲ’ ಅಂದು ಮುಂದಕ್ಕೆ ಹೋಗುವವರು ತಿಂಗಳುಗಟ್ಟಲೆ ಇದ್ದಲ್ಲೇ ಇರುತ್ತಾರೆ. ಎರಡೇ ಪ್ಯಾಸೇಜ್ ಮಾಡಿ. ಮಾಡಿದ ಮೇಲೆ ಅದರ ಎರಡರಷ್ಟು ಹೊತ್ತು ತಪ್ಪುಗಳ ಮುಂದೆ ಕೂತುಕೊಳ್ಳಿ.

ಒಂದು 200 ಪುಟದ ನೋಟ್‌ಬುಕ್ ಸಾಕು. ತಪ್ಪಾದ ಪ್ರತಿ ಪ್ರಶ್ನೆಗೂ ನಾಲ್ಕು ವಿಷಯ ಬರೆಯಿರಿ: ನಾನು ಆರಿಸಿದ್ದು ಯಾವುದು, ಆಗ ಯಾಕೆ ಸರಿ ಅನ್ನಿಸಿತು, ಸರಿ ಉತ್ತರವನ್ನು ಹೊರುವ ಸಾಲು ಯಾವುದು, ಇದು ಯಾವ ಜಾತಿಯ ತಪ್ಪು. ಎರಡನೆಯದನ್ನು ಬರೆಯಲು ಬೇಜಾರಾಗುತ್ತದೆ. ಆದರೆ ಉಪಯೋಗ ಇರುವುದು ಅದರಲ್ಲೇ.

ಮೇಲಿನ ಉದಾಹರಣೆಗೆ ಒಬ್ಬ ವಿದ್ಯಾರ್ಥಿ ಹೀಗೆ ಬರೆಯಬಹುದು: ‘ಆರಿಸಿದ್ದು ಎ. ಯಾಕೆ: ಆದರೆ ಅನ್ನೋ ಪದ ನೋಡಿ ಬಿಲ್ಡರ್ ತಪ್ಪೇ ಇಲ್ಲ ಅಂದ್ಕೊಂಡೆ. ಸಾಲು: ಹಂಗು ಹೋದ ಮೇಲೆ ಕಾವಲೂ ಹೋಯಿತು. ಜಾತಿ: ಜಾಸ್ತಿ ಹೇಳಿದ್ದು.’

ತಪ್ಪಿನ ಜಾತಿಗಳು ಬಹಳ ಇಲ್ಲ. ಜಾಸ್ತಿ ಹೇಳಿದ್ದು: ಆಲ್ವೇಸ್, ಓನ್ಲಿ, ನೆವರ್ ಅಂತ ಆಯ್ಕೆ ಹೇಳುತ್ತದೆ, ಪ್ಯಾಸೇಜ್ ಆಫನ್, ಸಮ್, ಮೇ ಅಂದಿರುತ್ತದೆ. ಹೊರಗಿನಿಂದ ತಂದದ್ದು: ಮಾತು ನಿಜವೇ ಇರಬಹುದು, ಪೇಪರಿನಲ್ಲಿ ಓದಿರಲೂಬಹುದು, ಪ್ಯಾಸೇಜಿನಲ್ಲಿ ಇಲ್ಲ. ತುಂಡು ಉತ್ತರ: ಡಿ ಥರದ್ದು. ಪದ ಅದೇ ಮಾತು ಬೇರೆ: ಪ್ಯಾಸೇಜಿನ ಪದಗಳನ್ನೇ ತಗೊಂಡು ಸಂಬಂಧ ತಿರುಗಿಸಿರುತ್ತಾರೆ, ಕಾರಣ ಪರಿಣಾಮವಾಗಿರುತ್ತದೆ. ಕೊನೆಯದು, ಯಾರದೋ ಮಾತು ಯಾರದೋ ತಲೆಗೆ: ಲೇಖಕರು ತಾವು ಒಪ್ಪದ ವಾದವನ್ನು ಮೊದಲು ವಿವರಿಸಿರುತ್ತಾರೆ, ನಾವು ಅದನ್ನೇ ಅವರ ಅಭಿಪ್ರಾಯ ಅಂತ ಟಿಕ್ ಹಾಕಿರುತ್ತೇವೆ.

ಕೆಲವು ವಾರ ಹೀಗೆ ಬರೆದು ನೋಡಿದರೆ ನಿಮ್ಮ ತಪ್ಪುಗಳಲ್ಲಿ ಬಹುಪಾಲು ಒಂದೆರಡೇ ಜಾತಿಯವು ಅಂತ ಗೊತ್ತಾಗುತ್ತದೆ. ಪೇಪರ್ ಚೆನ್ನಾಗಿ ಓದುವವರಿಗೆ ಹೊರಗಿನಿಂದ ತರುವ ಚಾಳಿ, ಅವಸರದವರಿಗೆ ತುಂಡು ಉತ್ತರದ ಚಾಳಿ. ಮುಂದಿನ ಪ್ಯಾಸೇಜ್ ಶುರು ಮಾಡುವ ಮುಂಚೆ ಆ ಒಂದನ್ನು ಮಾತ್ರ ನೆನಪಿಸಿಕೊಳ್ಳಿ.

ಕೀ ಉತ್ತರವೇ ತಪ್ಪು ಅನ್ನಿಸಿದರೆ? ಅನ್ನಿಸಬಹುದು, ಕೆಲವೊಮ್ಮೆ ನಿಮ್ಮ ಮಾತೇ ಸರಿಯಿರಲೂಬಹುದು. ಕೋಚಿಂಗ್ ಮಾಕ್‌ಗಳಲ್ಲಂತೂ ಅವಸರದಲ್ಲಿ ಬರೆದ ಪ್ರಶ್ನೆಗಳಿಗೆ ಬರವಿಲ್ಲ. ನಿಜವಾದ ಪರೀಕ್ಷೆಯೂ ಇದಕ್ಕೆ ಹೊರತಲ್ಲ. 2024ರ ಡಿಸೆಂಬರ್ ಪರೀಕ್ಷೆಯ ಕೀ ಉತ್ತರಗಳ ತಕರಾರು ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಆದರೂ ಪ್ರತಿ ಸಲ ‘ಕೀ ತಪ್ಪು’ ಅಂತ ಜಗಳಕ್ಕೆ ಬೀಳಬೇಡಿ. ನಿಮ್ಮ ಉತ್ತರಕ್ಕೆ ಸಾಲು ತೋರಿಸಲು ಆಯಿತಾ? ಆಯಿತು ಅಂದರೆ ಮೇಷ್ಟ್ರ ಹತ್ತಿರವೋ ಗೆಳೆಯರ ಹತ್ತಿರವೋ ಕೇಳಿ, ಇಲ್ಲವಾದರೆ ಕೀ ಒಪ್ಪಿಕೊಳ್ಳಿ.

ಹಂತ 6: ಪದಗಳು, ಮತ್ತು ಪರೀಕ್ಷೆಯ ಹೊರಗಿನ ಓದು

ಪದಪಟ್ಟಿ ಬಾಯಿಪಾಠ ಮಾಡಬೇಡಿ. ಓದುವಾಗ ಸಿಕ್ಕ ಹೊಸ ಪದವನ್ನು, ಅದಿದ್ದ ಇಡೀ ವಾಕ್ಯದ ಜೊತೆ ಬರೆದಿಡಿ. ಪರೀಕ್ಷೆ ಕೇಳುವುದು ಆ ಜಾಗದಲ್ಲಿ ಆ ಪದದ ಅರ್ಥ ಏನು ಅಂತ. ‘ಸ್ಯಾಂಕ್ಷನ್’ ಒಂದು ಕಡೆ ಮಂಜೂರಾತಿ, ಇನ್ನೊಂದು ಕಡೆ ದಂಡನೆ. ‘ಕ್ವಾಲಿಫೈ’ ಅಂದರೆ ತೇರ್ಗಡೆ ಅಂತಷ್ಟೇ ಗೊತ್ತಿದ್ದವರಿಗೆ, ಲೇಖಕರು ತಮ್ಮ ಮಾತನ್ನು ‘ಕ್ವಾಲಿಫೈ’ ಮಾಡಿದರು ಅಂದಾಗ ತಲೆಬುಡ ತಿಳಿಯುವುದಿಲ್ಲ. ಅಲ್ಲಿ ಅದರರ್ಥ ಹೇಳಿದ್ದಕ್ಕೆ ಒಂದು ಮಿತಿ ಹಾಕಿದರು ಅಂತ. ಗೊತ್ತಿಲ್ಲದ ಪದ ಬಂದಾಗ ಕೂಡಲೇ ಡಿಕ್ಷನರಿ ತೆಗೆಯದೆ, ಹಿಂದಿನ ವಾಕ್ಯ ಮುಂದಿನ ವಾಕ್ಯ ನೋಡಿ, ಅಲ್ಲಿ ಒಳ್ಳೆಯ ಅರ್ಥ ಬೇಕೋ ಕೆಟ್ಟ ಅರ್ಥ ಬೇಕೋ ಅಂತ ಊಹಿಸಿ. ಆಮೇಲೆ ಡಿಕ್ಷನರಿ ನೋಡಿ ತಾಳೆ ಹಾಕಿ. ಪರೀಕ್ಷೆ ಕೋಣೆಯಲ್ಲಿ ಜೊತೆಗಿರುವುದು ಈ ಊಹೆ ಮಾತ್ರ.

ಓದಿಗೆ ದಿನಕ್ಕೊಂದು ಸಂಪಾದಕೀಯ ಪುಟದ ಲೇಖನ ಸಾಕು. ಡೆಕ್ಕನ್ ಹೆರಾಲ್ಡ್, ದಿ ಹಿಂದೂ, ಇಂಡಿಯನ್ ಎಕ್ಸ್‌ಪ್ರೆಸ್, ಯಾವುದು ಸಿಕ್ಕರೂ ಆದೀತು. ಮನೆಗೆ ಇಂಗ್ಲಿಷ್ ಪೇಪರ್ ತರಿಸಲು ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯವಿದೆ, ಅಲ್ಲಿಯ ತಂಪಿನಲ್ಲಿ ಓದು ಚೆನ್ನಾಗಿಯೇ ಸಾಗುತ್ತದೆ.

ಲೇಖನ ಓದಿ ಮುಗಿಸಿದ ಮೇಲೆ ಪೇಪರ್ ಮಡಚಿ, ಅದರ ಸಾರವನ್ನು ಎರಡೇ ವಾಕ್ಯದಲ್ಲಿ ಬರೆಯಿರಿ. ಮೊದಲು ಕನ್ನಡದಲ್ಲಿ, ಒಂದೆರಡು ತಿಂಗಳು ಕಳೆದ ಮೇಲೆ ಇಂಗ್ಲಿಷಿನಲ್ಲಿ. ಎರಡು ವಾಕ್ಯದಲ್ಲಿ ಹೇಳಲಾಗದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಮತ್ತೆ ಪೇಪರ್ ಬಿಡಿಸಿ.

ವಾರಕ್ಕೊಮ್ಮೆ ಕಥೆಯನ್ನೂ ಓದಿ. ಲೇಖನದಲ್ಲಿ ವಾದ ಹುಡುಕಿ ಅಭ್ಯಾಸವಾದವರು ಕಥೆಯ ಪ್ಯಾಸೇಜ್ ಬಂದಾಗ ತಬ್ಬಿಬ್ಬಾಗುತ್ತಾರೆ. ಅಲ್ಲಿ ವಾದ ಇರುವುದಿಲ್ಲ. ಯಾರು ಯಾರಿಗೆ ಏನು ಹೇಳದೆ ಉಳಿದರು, ಒಬ್ಬರ ಬಗ್ಗೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ, ಇದನ್ನು ಕೇಳುತ್ತಾರೆ. ಹಳೆಯ ಇಂಗ್ಲಿಷ್ ಕಥೆ, ಪ್ರಬಂಧಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಇವೆ. ಹಳೆಯ ಕಾಲದ ಉದ್ದುದ್ದ ವಾಕ್ಯಗಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ.

ಹಂತ 7: ಯಾವಾಗ ಏನು

ಕ್ಲಾಟ್ ಈಚೆಗೆ ಡಿಸೆಂಬರ್ ತಿಂಗಳಲ್ಲೇ ನಡೆಯುತ್ತಿದೆ. ದ್ವಿತೀಯ ಪಿಯುಸಿ ಜೊತೆಗೇ ಬರೆಯುವವರು ಕಾಲೇಜಿನ ವೇಳಾಪಟ್ಟಿ ನೋಡಿಕೊಂಡು ಹೊಂದಿಸಿಕೊಳ್ಳಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಗಡಿಯಾರ ಬೇಡ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆರಡು ಪ್ಯಾಸೇಜ್, ಪ್ರತಿ ಉತ್ತರಕ್ಕೂ ಸಾಲು. ನಿಧಾನವಾದರೂ ಸರಿ, ಮುಕ್ಕಾಲು ಪಾಲು ಉತ್ತರ ಸರಿ ಬರುವವರೆಗೆ ವೇಗದ ಮಾತೇ ಬೇಡ. ತಪ್ಪು ಓದನ್ನು ಬೇಗ ಬೇಗ ಮಾಡಿ ಏನು ಬಂತು?

ಸೆಪ್ಟೆಂಬರ್‌ನಲ್ಲಿ ಗಡಿಯಾರ ಹೊರಗೆ ತೆಗೆಯಿರಿ. ಒಂದು ಪ್ಯಾಸೇಜಿಗೆ ಹತ್ತು ನಿಮಿಷದಿಂದ ಶುರು ಮಾಡಿ, ಎಂಟು, ಏಳು, ಆರು ಅಂತ ಇಳಿಸಿ. ಇಳಿಸಿದಾಗ ತಪ್ಪು ಜಾಸ್ತಿಯಾದರೆ ಒಂದು ವಾರ ಅಲ್ಲೇ ನಿಲ್ಲಿ. ವೇಗ ಬರದೇ ಇರಲು ಸಾಮಾನ್ಯ ಕಾರಣ ಒಂದಿದೆ: ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು. ಪೆನ್ನಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತಾ ಓದಿದರೆ ಕಣ್ಣು ಹಿಂದಕ್ಕೆ ಓಡುವುದು ಕಡಿಮೆಯಾಗುತ್ತದೆ. ತುಟಿ ಅಲ್ಲಾಡಿಸಿಕೊಂಡು ಓದುವವರೂ ಇದ್ದಾರೆ. ಗಟ್ಟಿಯಾಗಿ ಓದುವ ವೇಗಕ್ಕಿಂತ ಮುಂದಕ್ಕೆ ಹೋಗಲು ಅದು ಬಿಡುವುದಿಲ್ಲ, ಆ ಅಭ್ಯಾಸ ಬಿಡಿ.

ದಸರಾ ರಜೆ ಪೂರ್ತಿ ಪತ್ರಿಕೆ ಶುರು ಮಾಡಲು ಒಳ್ಳೆಯ ಸಮಯ. ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 4. ಮನೆಯಲ್ಲೂ ಅದೇ ಹೊತ್ತಿಗೆ ಕೂತುಕೊಳ್ಳಿ. ಊಟವಾದ ಮೇಲೆ ಕಣ್ಣೆಳೆಯುವ ಹೊತ್ತದು. ಬೆಳಿಗ್ಗೆ ಐದಕ್ಕೆದ್ದು ಮಾಡಿದ ಮಾಕ್‌ನಲ್ಲಿ ಬಂದ ಅಂಕ ಮಧ್ಯಾಹ್ನಕ್ಕೆ ಬರುತ್ತದೆ ಅಂತ ನಂಬಬೇಡಿ. ನವೆಂಬರ್‌ನಲ್ಲಿ ವಾರಕ್ಕೆರಡು ಪೂರ್ತಿ ಪತ್ರಿಕೆ ಸಾಕು. ನಡುವಿನ ದಿನಗಳು ತಪ್ಪುಗಳ ನೋಟ್‌ಬುಕ್‌ಗೆ.

ಹಂತ 8: ಪರೀಕ್ಷೆಯ ಕೋಣೆಯಲ್ಲಿ

ಮೊದಲ ಪ್ಯಾಸೇಜ್ ಕಷ್ಟ ಅನ್ನಿಸಿದರೆ ಬಿಟ್ಟು ಎರಡನೆಯದಕ್ಕೆ ಹೋಗಿ. ಯಾವ ಕ್ರಮದಲ್ಲಿ ಬರೆದರೂ ಅಂಕ ಒಂದೇ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿತು ಅನ್ನಿಸಿದರೆ ಗುರುತು ಹಾಕಿ ಮುಂದೆ ನಡೆಯಿರಿ.

ಊಹಿಸಿ ಹಾಕಬೇಕಾ, ಬಿಡಬೇಕಾ? ಲೆಕ್ಕ ಸುಲಭ. ನಾಲ್ಕು ಆಯ್ಕೆಯಲ್ಲಿ ಯಾವುದನ್ನೂ ತಳ್ಳಿಹಾಕಲಾಗದೆ ಕಣ್ಣುಮುಚ್ಚಿ ಹಾಕಿದರೆ ಸರಾಸರಿ ಸಿಗುವುದು ಒಂದು ಪ್ರಶ್ನೆಗೆ 0.06 ಅಂಕ. ಅಂದರೆ ಲಾಭ ಇಲ್ಲವೆಂದೇ ಲೆಕ್ಕ. ಒಂದನ್ನು ತಳ್ಳಿಹಾಕಿದ್ದರೆ 0.17. ಎರಡನ್ನು ತಳ್ಳಿಹಾಕಿ ಉಳಿದ ಎರಡರಲ್ಲಿ ಒಂದನ್ನು ಹಾಕಿದರೆ 0.375. ಹಾಗಾಗಿ ಎರಡು ಆಯ್ಕೆ ಹೋಯಿತು ಅಂದರೆ ಧೈರ್ಯವಾಗಿ ಹಾಕಿ; ಒಂದೂ ಹೋಗಲಿಲ್ಲ ಅಂದರೆ ಅದರ ಮೇಲೆ ಕಳೆಯುವ ನಿಮಿಷವೇ ನಷ್ಟ.

ಕೊನೆಗೆ ಎರಡು ಉಳಿದು, ಎರಡೂ ಸರಿ ಅನ್ನಿಸಿದಾಗ ಅವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಸಾಮಾನ್ಯವಾಗಿ ಒಂದೇ ಪದದಲ್ಲಿರುತ್ತದೆ. ಆ ಪದವನ್ನು ಹೊರುವ ಸಾಲು ಪ್ಯಾಸೇಜಿನಲ್ಲಿದೆಯಾ ಅಂತ ಹುಡುಕಿ. ಆಗಲೂ ತೀರ್ಮಾನವಾಗದಿದ್ದರೆ ಮೆತ್ತಗೆ ಮಾತಾಡುವ ಆಯ್ಕೆಗೆ ಹಾಕಿ, ಗಟ್ಟಿಯಾಗಿ ಕೂಗುವುದನ್ನು ಬಿಡಿ.

ಗುಂಡಿ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆಯನ್ನು ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಳ್ಳಬೇಡಿ. ಒಂದು ಪ್ಯಾಸೇಜ್ ಮುಗಿದ ಕೂಡಲೇ ಅದರ ಗುಂಡಿಗಳನ್ನು ತುಂಬಿ, ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಸುತ್ತು ಹಾಕಿ. ನಡುವೆ ಒಂದು ಪ್ರಶ್ನೆ ಬಿಟ್ಟದ್ದು ಮರೆತರೆ ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿದುಬಿಡುತ್ತವೆ, ಪೆನ್ನಿನ ಗುಂಡಿಯನ್ನು ಅಳಿಸಲೂ ಬರುವುದಿಲ್ಲ.